ಫಕೀರಸಾಬರ ಕಾಗದದ ಕೋಳಿ

ನನ್ನ ಗಂಡನ ಹೆಸರು ಫಕೀರಸಾಬ. ಗಂಡನ ಹೆಸರು ಹೇಳಬಾರದು ಎಂದು ನನಗೆ ಕಲಿಸಿದ್ದರು. ಹದಿನಾರು ವರ್ಷ ಹೇಳಲಿಲ್ಲ. ಈಗ ಆ ಹೆಸರು ಕರೆಯುವವರೇ ಕಡಿಮೆಯಾಗಿದ್ದಾರೆ. ಅದಕ್ಕೆ ಬರೆಯುತ್ತೇನೆ. ಫಕೀರಸಾಬ. ಊರು ಸೂಡಿ. ಕೆಲಸ ಕಾಗದದ್ದು. ತೀರಿಕೊಂಡದ್ದು ಎರಡು ಸಾವಿರದ ಏಳನೇ ಇಸವಿ, ಗದಗಿನಲ್ಲಿ. ವಯಸ್ಸು ನಲವತ್ತೆರಡು.

ಕಾಗದದ ಕೆಲಸ ಎಂದರೆ ಓದು ಬರಹವಲ್ಲ. ಅವರು ಐದನೇ ತರಗತಿ, ನಾನು ನಾಲ್ಕು. ಮೊಹರಂಗೆ ಬಿದಿರಿನ ಗೋಪುರ ಕಟ್ಟಿ ಬಣ್ಣದ ಕಾಗದ ಹಚ್ಚುತ್ತಾರಲ್ಲ, ತಾಬೂತ, ಅದನ್ನು ಮಾಡುವ ಮನೆತನ ಅವರದು. ಹಾಳೆಯನ್ನು ಮೂರು ಸಲ ಮಡಚಿ, ಒಂದೇ ಕಡೆ ಕತ್ತರಿ ಹಾಕಿ, ಬಿಚ್ಚಿದರೆ ಎಂಟು ಎಸಳಿನ ಹೂವು. ಕತ್ತರಿ ಹಾಕುವ ಮೊದಲೇ ಯಾವ ಎಸಳು ಎಲ್ಲಿ ಬೀಳುತ್ತದೆಂದು ಅವರಿಗೆ ಗೊತ್ತಿರುತ್ತಿತ್ತು. ನರಗುಂದದಲ್ಲಿ ಗಣಪತಿ ಮಂಟಪ ಅವರದೇ, ರೋಣದಲ್ಲಿ ಮದುವೆ ಚಪ್ಪರ ಅವರದೇ. ಅವರು ಕತ್ತರಿಸಿದ ಹೂವಿಗೆ ಜಾತಿ ಇರಲಿಲ್ಲ.

ಆ ಕೆಲಸಕ್ಕೆ ಒಂದು ಕಟ್ಟಳೆ. ಬಣ್ಣದ ಕಾಗದಕ್ಕೆ ಒಂದು ಮುಖಕ್ಕಷ್ಟೇ ಬಣ್ಣ. ಮಡಚುವಾಗ ಬಣ್ಣ ಒಳಗಿರಬೇಕು. ಹೊರಗಾದರೆ ಬೆವರಿನ ಕೈಗೆ ಹತ್ತಿ ಹಾಳೆ ಕೆಡುತ್ತದೆ. ಚಿಕ್ಕವರಿದ್ದಾಗ ತಪ್ಪಿ ಹೊರಮುಖ ಮಡಚಿದರೆ ಅವರ ಸೋದರಮಾವ ಬಿದಿರು ದಬ್ಬೆಯಿಂದ ಬೆರಳಿಗೆ ಹೊಡೆಯುತ್ತಿದ್ದರಂತೆ. ಆ ಬೆರಳು ಸಾಯುವವರೆಗೂ ತಪ್ಪಲಿಲ್ಲ.

ನಮ್ಮ ಊರು ಶಿರೋಳ. ತಾಬೂತ ಕಟ್ಟಲು ಅವರು ನಮ್ಮೂರಿಗೆ ಬಂದಿದ್ದರು. ನಾನು ಕಟ್ಟೆಯ ಮೇಲೆ ಕುಳಿತು ರದ್ದಿ ಪೇಪರಿನ ಚೀಲ ಮಾಡುತ್ತಿದ್ದೆ, ಕಿರಾಣಿ ಅಂಗಡಿಗೆ. ನಿಂತು ನೋಡಿದರು.

"ನಿನ್ನ ಮಡಿಕಿ ಸೊಟ್ಟ ಐತಿ" ಅಂದರು.

"ಬ್ಯಾಳಿ ಸೋರತೈತೇನು?" ಅಂದೆ.

"ಇಲ್ಲ."

"ಮತ್ತ ನಿಮಗ್ಯಾಕ?"

ಮರುವರ್ಷ ಹೆಣ್ಣು ಕೇಳಲು ತಮ್ಮ ತಾಯಿ ಶರೀಫಾಬಿಯನ್ನು ಕರೆದುಕೊಂಡು ಬಂದರು. ಮದುವೆಯಾಗಿ ಗಜೇಂದ್ರಗಡದ ಮನೆಗೆ ಬಂದೆ. ಮನೆ ಅತ್ತೆಯ ಹೆಸರಿನಲ್ಲಿತ್ತು. ಮೂರು ಖೋಲಿ, ಒಂದೇ ಹೊಸ್ತಿಲು. ಬೀದಿಯ ಕಡೆಯ ಖೋಲಿಯಲ್ಲಿ ಅವರು ಹೂವು ಕತ್ತರಿಸುತ್ತಿದ್ದರು, ನಾನು ಚೀಲ ಮಡಚುತ್ತಿದ್ದೆ. ಮಕ್ಕಳಾಗಲಿಲ್ಲ. ಊರವರು ಬೇಕಾದ್ದು ಅಂದರು. ಅವರು ಒಂದು ದಿನವೂ ಅನ್ನಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಹೂವು ಬಂತು, ಥರ್ಮಾಕೋಲು ಬಂತು. ಮಂಟಪದವರು ಒಂದೇ ಸಾಮಾನನ್ನು ತೊಳೆದು ತೊಳೆದು ಹತ್ತು ಮದುವೆಗೆ ಕಟ್ಟತೊಡಗಿದರು. ನಮ್ಮವರಿಗೆ ವರ್ಷಕ್ಕೆ ಮೊಹರಂ ಒಂದೇ ಉಳಿಯಿತು. ಎರಡು ಸಾವಿರದ ನಾಲ್ಕರಲ್ಲಿ ಬಣ್ಣದ ಕಾಗದ ತರುತ್ತೇನೆಂದು ಹುಬ್ಬಳ್ಳಿಗೆ ಹೋದವರು ಹಳೆಯ ಟಿ.ವಿ. ಮತ್ತು ವಿಡಿಯೋ ಗೇಮಿನ ಪೆಟ್ಟಿಗೆ ತಂದರು. ಬಸ್ಸಿನ ಮೇಲೆ ಇಡಲಿಲ್ಲವಂತೆ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು.

ಅತ್ತೆ ನೋಡಿದರು.

"ಏನೋ ಇದು ಫಕೀರಾ?"

"ಆಟ ಆಡೂದ ಅಮ್ಮಾ. ಮಂದಿ ಬಂದು ಆಡತಾರ. ತಾಸಿಗಿಷ್ಟು ಅಂತ ಕೊಡತಾರ."

"ದೆವ್ವಿನ ಪೆಟಗಿ ತಂದೀಯಲ್ಲೋ ಮನೀಗೆ!"

ಅಂಗಡಿ ನಡೆಯಿತು. ಕಾಲೇಜಿನವರು ಬಂದರು, ಸೀರೆ ನೇಯುವವರು ಮಗ್ಗ ಬಿಟ್ಟು ಬಂದರು, ರೋಣದ ಬಸ್ಸಿನ ಕಂಡಕ್ಟರ್ ಊಟದ ಹೊತ್ತಿಗೆ ಬಂದ. ಮೋಟಾರು ಓಡಿಸುವ ಆಟ, ಗುದ್ದಾಡುವ ಆಟ. ನಮ್ಮವರು ಯಾವುದನ್ನೂ ಆಡಲಿಲ್ಲ. ಕುಳಿತು ನೋಡುತ್ತಿದ್ದರು.

ಎರಡು ವರ್ಷದ ಮೇಲೆ, ಪೆಟ್ಟಿಗೆ ಮಾರಿದ ಹುಬ್ಬಳ್ಳಿಯವನು ಹತ್ತು ಸೀಡಿಗಳ ಜೊತೆ ಒಂದನ್ನು ಸುಮ್ಮನೆ ಕೊಟ್ಟ. ಅದರ ಮೇಲಿನ ಬರಹ ಜಪಾನದ್ದೋ ಚೀನಾದ್ದೋ, ಯಾರಿಗೂ ಓದಲು ಬರಲಿಲ್ಲ. ಹಾಕಿ ನೋಡಿದರು. ನನ್ನನ್ನು ಕೂಗಿದರು.

"ಮುಮತಾಜ, ಲಗೂ ಬಾ! ಎಲ್ಲಾ ಕಾಗದ ಐತಿ!"

ಖರೇನೇ ಎಲ್ಲಾ ಕಾಗದ. ಗುಡ್ಡ ಕಾಗದ, ಮರ ಕಾಗದ, ನೀರು ಸಣ್ಣಗೆ ಕತ್ತರಿಸಿದ ನೀಲಿ ಕಾಗದ. ಮಂದಿ ಕಾಗದದವರು, ನಡೆದರೆ ಸರಸರ ಎನ್ನುವರು. ಆ ದೇಶದ ರಾಣಿಯನ್ನು ಗಾಳಿರಾಜ ಊದಿ ಊದಿ ಮಡಿಕೆ ಬಿಚ್ಚಿ ಬರೀ ಹಾಳೆ ಮಾಡಿಬಿಟ್ಟಿದ್ದ. ಒಂದು ಕಾಗದದ ಕೋಳಿ ಆ ಹಾಳೆಯನ್ನು ಸುರುಳಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹೊರಡುತ್ತದೆ. ಗಾಳಿರಾಜನನ್ನು ಸೋಲಿಸಿದರೆ ರಾಣಿ ಮತ್ತೆ ಮಡಚಿಕೊಂಡು ಏಳುತ್ತಾಳೆ. ಗಾಳಿರಾಜ ಎಂದು ಹೆಸರಿಟ್ಟವರು ನಾವೇ.

ಕೋಳಿ ಗುದ್ದುವುದಿಲ್ಲ, ಗುಂಡು ಹಾರಿಸುವುದಿಲ್ಲ. ಕಾಳಗ ಬಂದಾಗ ಕಾಲ ಕೆಳಗಿನ ನೆಲ ಚೌಕಳಿಯ ಹಾಳೆಯಾಗುತ್ತದೆ. ವೈರಿಗಳು ಅಲ್ಲೊಬ್ಬ ಇಲ್ಲೊಬ್ಬ ನಿಲ್ಲುತ್ತಾರೆ. ಆ ನೆಲವನ್ನೇ ಮಡಚಬೇಕು. ಎರಡು ಪದರದ ನಡುವೆ ಸಿಕ್ಕ ವೈರಿ ಚಪ್ಪಟೆ. ಮೂರೇ ಮಡಿಕೆ. ಅಷ್ಟರಲ್ಲಿ ಎಲ್ಲರೂ ಸಿಗಬೇಕು, ಕೋಳಿ ಮಾತ್ರ ಸಿಗಬಾರದು. ಬಲದಿಂದ ಆಗುವ ಕೆಲಸವಲ್ಲ, ಲೆಕ್ಕ ಹಾಕಿ ಬಿಡಿಸಬೇಕಾದ ಒಗಟು.

ಕಾಲೇಜಿನವರು ಒಂದು ದಿನ ಆಡಿ ಬೇಸತ್ತು ಬಿಟ್ಟರು. ನಮ್ಮವರು ಬಿಡಲಿಲ್ಲ. ಜೊತೆಗೆ ಸಿಕ್ಕವರು ಎದುರಿನ ಕಿರಾಣಿ ಅಂಗಡಿಯ ಲಕ್ಷ್ಮಪ್ಪ. ವಯಸ್ಸು ಐವತ್ತೈದು, ಹಣೆಗೆ ವಿಭೂತಿ, ನನ್ನ ಚೀಲ ಕೊಳ್ಳುವವರು ಅವರೇ. ಗಿರಾಕಿ ಕೂಗಿದರೂ ಏಳುತ್ತಿರಲಿಲ್ಲ. "ಏ ತಡೀಯೋ, ಇಲ್ಲಿ ಕೋಳಿ ಜೀವದ ಮ್ಯಾಲೆ ಬಂದೈತಿ" ಅನ್ನುತ್ತಿದ್ದರು.

ನಮ್ಮ ಪೆಟ್ಟಿಗೆಗೆ ಆಟ ನೆನಪಿಡುವ ಚೀಟಿ ಇರಲಿಲ್ಲ. ಆರಿಸಿದರೆ ಮತ್ತೆ ಮೊದಲಿನಿಂದ. ಗಾಳಿರಾಜನ ಹತ್ತಿರ ಮುಟ್ಟಲು ಆರು ತಾಸು ಬೇಕು, ಕರೆಂಟು ಅಷ್ಟು ಹೊತ್ತು ಇರಬೇಕು. ಹನ್ನೊಂದು ತಿಂಗಳಲ್ಲಿ ಒಂಬತ್ತು ಸಲ ಮುಟ್ಟಿದರು. ಒಂಬತ್ತೂ ಸಲ ಸೋತರು. ಅವರು ನೆಲ ಮಡಚುತ್ತಿದ್ದರು, ಗಾಳಿರಾಜ ಊದಿ ಮಡಿಕೆ ಬಿಚ್ಚಿಬಿಡುತ್ತಿದ್ದ.

ಆಮೇಲೆ ಅವರಿಗೆ ಕಾಮಣಿ ಆಯಿತು, ಕಣ್ಣು ಮೈ ಎಲ್ಲಾ ಹಳದಿ. ಮೊದಲು ನಾಟಿ ಔಷಧ, ಆಮೇಲೆ ಗದಗಿನ ದವಾಖಾನೆ. ಹನ್ನೆರಡು ದಿನ. ಹಾಸಿಗೆಯ ಮೇಲೆ ಔಷಧದ ಚೀಟಿ ಮಡಚುತ್ತ ಬಿಚ್ಚುತ್ತ ಮಲಗಿದ್ದರು.

"ಬಿಚ್ಚತೈತಿ ಮುಮತಾಜ. ಹ್ಯಾಂಗ ಮಡಚಿದರೂ ಗಾಳಿ ಬಿಚ್ಚತೈತಿ."

"ಅದನ್ನ ಬಿಡ್ರಿ ಈಗ" ಅಂದೆ. ಸಿಟ್ಟಿನಿಂದಲೇ ಅಂದೆ. ಮರುದಿನ ಹೋದರು. ಆ ಮಾತಿಗೆ ನನಗೆ ಮಾಫಿ ಇಲ್ಲ.

ಗಂಡ ಸತ್ತ ಹೆಂಗಸು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟಬಾರದು. ಇದ್ದತ್ ಎನ್ನುತ್ತಾರೆ. ನಾನು ದಾಟುವುದಿಲ್ಲ ಅಂದೆ. ದುಃಖ ನನ್ನದು, ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಅತ್ತೆ ನಡುವಿನ ಬಾಗಿಲಿಗೆ ಪರದೆ ಕಟ್ಟಿದರು. ಮುಂದಿನ ಖೋಲಿಗೆ ಗಂಡಸರು ಬರುತ್ತಾರೆ, ಅದು ಹೊರಗೆ ಇದ್ದ ಹಾಗೆ, ನೀನು ಪರದೆಯ ಈಚೆ ಇರು ಎಂದರು. ಈಚೆಯೇ ಉಳಿದೆ. ಅಂಗಡಿಗೆ ಬೀಗ ಬಿತ್ತು.

ನಲವತ್ತನೇ ದಿನದ ಫಾತೆಹ, ಸತ್ತವರಿಗಾಗಿ ಮಾಡುವ ಪ್ರಾರ್ಥನೆ, ಮುಗಿದ ಮೇಲೆ ಮೈದುನ ಖಾಜಾಸಾಬ ಬಂದ. ಬೇರೆ ಮನೆ ಮಾಡಿಕೊಂಡು ಆರು ವರ್ಷವಾಗಿತ್ತು. ಚಹಾ ಕುಡಿದು ಅತ್ತೆಯ ಮುಂದೆ ಮಾತು ತೆಗೆದ.

"ಅಮ್ಮಾ, ಮುಂದಿನ ಖೋಲಿ ನನಗ ಕೊಡು. ಮೊಬೈಲ್ ಅಂಗಡಿ ಹಾಕತೀನಿ. ಭಾಬಿಗೆ ಯಾಕ ಬೇಕದು? ಮಕ್ಕಳಿಲ್ಲ ಮರೀ ಇಲ್ಲ. ಒಳಗ ಕುಂತು ಉಣ್ಣಲಿ, ನಾ ಹಾಕತೀನಿ."

"ನನಗ ನೀ ಹಾಕೂದು ಬ್ಯಾಡ" ಅಂದೆ. "ಅಂಗಡಿ ನಾ ನಡಸತೀನಿ."

ಅವನು ನಕ್ಕ. ಫಾತೆಹಕ್ಕೆ ಬಂದಿದ್ದ ಲಕ್ಷ್ಮಪ್ಪ ಆಗ ಮುಂದಿನ ಖೋಲಿಯಲ್ಲಿ ಕುಳಿತಿದ್ದರು, ಅವರಿಗೂ ಕೇಳಲಿ ಎಂದು ಜೋರಾಗಿ ಅಂದ:

"ನಡಸತಾಳಂತ! ನಮ್ಮಣ್ಣ ಆ ಕೋಳಿ ಹಿಂದ ವರ್ಷ ಕಳದ, ಅದನ್ನ ಮುಗಸೂದು ಆಗಲಿಲ್ಲ. ನಾಲ್ಕನೇತ್ತ ಕಲತಾಕಿ ನೀ ಏನ್ ಮಾಡತಿ? ಮುಗಿಸಿ ತೋರಸು ನೋಡೂಣು. ಖೋಲಿ ನಿಂದು."

"ಆತು. ತೋರಸತೀನಿ" ಅಂದುಬಿಟ್ಟೆ.

"ಇದ್ದತ್ ಮುಗಿಯೂದರಾಗ. ಇಲ್ಲಂದ್ರ ಬೀಗದ ಕೈ ನನಗ. ಅಮ್ಮಾ, ಕೇಳಿದಿಯಿಲ್ಲೋ?"

"ಕೇಳಿದೆ" ಅಂದರು ಅತ್ತೆ. ಅವರಿಗೆ ಪೆಟ್ಟಿಗೆ ಹೋದರೆ ಸಾಕಿತ್ತು.

ಅವನು ಹೋದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಹದಿನಾರು ವರ್ಷ ದುಡಿದ ಖೋಲಿ. ಅದನ್ನು ಆಟದಲ್ಲಿ ಒತ್ತೆ ಇಟ್ಟೆ. ಆದರೆ ಮಾತು ಹೋಗಿತ್ತು.

ಪರದೆಯ ಆಚೆಯಿಂದ ಲಕ್ಷ್ಮಪ್ಪ ಕೆಮ್ಮಿದರು.

"ತಂಗೀ, ನೀ ಹೊರಗ ಬರೂ ಹಂಗಿಲ್ಲ. ಹ್ಯಾಂಗ ಆಡತಿ?"

"ಕೈ ನಿಮ್ಮದು, ಮಡಿಕಿ ನಂದು ಅಣ್ಣಾ. ಯಾವ ವೈರಿ ಎಲ್ಲಿ ನಿಂತಾನ ಅಂತ ನೀವು ಹೇಳ್ರಿ. ನಾ ಮಡಚಿ ಕೊಡತೀನಿ. ನೋಡಿ ಹಂಗ ಮಾಡ್ರಿ."

ಅಂಗಡಿ ತೆರೆದೆವು. ಲಕ್ಷ್ಮಪ್ಪ ತಮ್ಮ ಅಂಗಡಿಯ ಗಲ್ಲಾದಲ್ಲಿ ಹೆಂಡತಿಯನ್ನು ಕೂರಿಸಿ ಮುಂಜಾನೆ ಆರಕ್ಕೇ ಬಂದು ಆಡಲು ಕೂರುತ್ತಿದ್ದರು. ಮಧ್ಯಾಹ್ನದ ಮೇಲೆ ಗಿರಾಕಿ ಬಂದು ಡಬ್ಬಿಗೆ ರೊಕ್ಕ ಹಾಕಿ ಮೋಟಾರು ಓಡಿಸಿ ಹೋಗುತ್ತಿದ್ದರು.

ಮುಂಜಾನೆ ನಾನು ಪರದೆಯ ಈಚೆ ಚಾಪೆ ಹಾಸಿ ರದ್ದಿ ಪೇಪರು ಚೌಕ ಕತ್ತರಿಸಿ ಇದ್ದಿಲಿನಿಂದ ಚೌಕಳಿ ಮನೆ ಎಳೆದುಕೊಂಡು ಕೂರುತ್ತಿದ್ದೆ.

"ಹೇಳ್ರಿ ಅಣ್ಣಾ."

"ಎಡಕ್ಕ ಎರಡನೇ ಮನ್ಯಾಗ ಒಂದು ಕಪ್ಪಿ ಐತಿ. ನಮ್ಮ ಬೀಗರಂಗ ಕಾಣತೈತಿ."

"ಬೀಗರು ಇರಲಿ. ಮ್ಯಾಲಿಂದ ಎಷ್ಟನೇದು?"

"ಮೂರನೇದು. ಬಾಯಿ ತಕ್ಕೊಂಡ ಕುಂತೈತಿ. ಖರೇನ ಬೀಗರು."

ನಾನು ಇದ್ದಿಲಿನಲ್ಲಿ ಗುರುತು ಹಾಕಿ, ಮಡಚಿ, ಮಡಿಕೆಗೆ ಒಂದು ಎರಡು ಮೂರು ಎಂದು ಬರೆದು ಪರದೆಯ ಕೆಳಗೆ ಸರಿಸುತ್ತಿದ್ದೆ. ಮೊದಲ ವಾರ ಬರೀ ಸೋಲು. ಅವರು ಹೇಳುವುದು ಒಂದು, ನಾನು ತಿಳಿಯುವುದು ಒಂದು. ಆಮೇಲೆ ಕೈ ಕೂಡಿತು. ಗುಡ್ಡ ದಾಟಿತು ಕೋಳಿ, ನೀಲಿ ಕಾಗದದ ಹೊಳೆ ದಾಟಿತು. ಪರದೆಯ ಸಂದಿಯಿಂದ ನಾನು ನೋಡಬಹುದಿತ್ತು. ನೋಡಲಿಲ್ಲ. ನೋಡಿದಳು ಎಂದು ಒಬ್ಬರಾದರೂ ಅನ್ನುತ್ತಿದ್ದರು.

ಅತ್ತೆ ತಸ್ಬಿಯ ಮಣಿ ಎಣಿಸುತ್ತ ನನ್ನ ಹಿಂದೆ ಕೂರುತ್ತಿದ್ದರು, ಕಾವಲಿಗೆ. ಹನ್ನೊಂದನೇ ದಿನ ಅಂದರು:

"ಆ ಕೋಳಿ ಎಲ್ಲಿಗಿ ಬಂತು?"

"ಹೊಳಿ ದಾಟೇತಿ ಅತ್ತಿ."

"ಏನರ ತಿಂತೈತೋ ಇಲ್ಲೋ, ಹಂಗ ತಿರಗತೈತಿ?"

ಗಾಳಿರಾಜನ ಹತ್ತಿರ ಮೊದಲ ಸಲ ಮುಟ್ಟಿದೆವು. ಮಡಚಿದ್ದನ್ನು ಊದಿಬಿಟ್ಟ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲಕ್ಕೆ ಲಕ್ಷ್ಮಪ್ಪ ರಿಮೋಟು ಇಟ್ಟು ತಲೆಗೆ ಕೈ ಹಚ್ಚಿಕೊಂಡರಂತೆ.

"ತಂಗೀ, ಫಕೀರಸಾಬನ ಕೈಲೆ ಆಗದ್ದು ನಮ್ಮ ಕೈಲೆ ಆಗೂದಿಲ್ಲವಾ."

ಆ ಮಾತು ನನಗೆ ಹಿಡಿಸಲಿಲ್ಲ. ಅವರ ಕೈಯನ್ನು ನನಗಿಂತ ಹೆಚ್ಚು ನೋಡಿದವರು ಯಾರು? ಅವರು ನೆಲ ಮಡಚುವುದನ್ನು ನೆನಪು ಮಾಡಿಕೊಂಡೆ. ಮೂಲೆ ಎತ್ತಿ, ಮೇಲೆ ತಂದು, ಒಳಗೆ ಒತ್ತುವುದು. ಯಾವಾಗಲೂ ಮೇಲೆ. ನೆಲದ ಮೇಲ್ಮುಖಕ್ಕೆ ಬಣ್ಣವಿತ್ತು, ಬಣ್ಣ ಒಳಗೆ ಹೋಗಬೇಕು. ಟಿ.ವಿ.ಯೊಳಗಿನ ಬಣ್ಣ ಕೈಗೆ ಹತ್ತುತ್ತದೆಯೇ? ಆದರೆ ಅವರ ಬೆರಳು ಅದನ್ನು ಕೇಳುವುದಿಲ್ಲ. ಲಕ್ಷ್ಮಪ್ಪ ಆಟ ಕಲಿತದ್ದು ಅವರಿಂದ. ನಾನೂ ಅವರು ಮಡಚಿದ ಹಾಗೆಯೇ ಮಡಚುತ್ತಿದ್ದೆ, ಅವರ ಆಟ ಎಂದು.

ಮೇಲೆ ಬಂದ ಪದರ ಗಾಳಿಗೆ ಸಿಗುತ್ತದೆ. ಕೆಳಗೆ ಹೋದ ಪದರಕ್ಕೆ ಗಾಳಿ ಏನು ಮಾಡೀತು?

ನನ್ನ ಚೀಲ ರದ್ದಿ ಪೇಪರಿನದು. ಎರಡೂ ಕಡೆ ಸುದ್ದಿ. ಅದಕ್ಕೆ ಒಳಮುಖವಿಲ್ಲ, ಹೊರಮುಖವಿಲ್ಲ. ತಳ ಮಡಚುವಾಗ ಕೆಳಗೇ ಮಡಚುತ್ತೇನೆ.

"ಅಣ್ಣಾ, ನೆಲಾ ಕೆಳಗ ಮಡಚಾಕ ಬರತೈತೇನು?"

"ಕೆಳಗ? ಕೆಳಗ ಹ್ಯಾಂಗವಾ?"

"ರಿಮೋಟಿನ್ಯಾಗ ಒತ್ತದೇ ಇದ್ದ ಗುಂಡಿ ಯಾವುದೈತಿ, ಅದನ್ನ ಹಿಡಕೊಂಡು ಮಡಚಿ ನೋಡ್ರಿ."

ಒಂದೊಂದೇ ಗುಂಡಿ ಹಿಡಿದು ನೋಡಿದರು. ನಾನು ಪರದೆಯ ಹತ್ತಿರ ಸರಿದೆ.

"ಅಣ್ಣಾ?"

"ಹೋತು" ಅಂದರು. "ಮೂಲಿ ಕೆಳಗ ಹೋತವಾ. ಮ್ಯಾಲಿದ್ದ ಮೂರು ಮಂದಿ ಉದುರಿ ಬಿದ್ದರು!"

"ನಿಲ್ಲಸ್ರಿ. ಮುಂದ ಆಡಬ್ಯಾಡ್ರಿ. ನಾಳೆ ಖಾಜಾನ ಕರಸೂಣು."

ಮರುದಿನ ಶುಕ್ರವಾರ. ಲಕ್ಷ್ಮಪ್ಪ ನಸುಕಿನಲ್ಲೇ ಬಂದು ಮೊದಲಿನಿಂದ ಆಡಿ, ಹನ್ನೊಂದು ಗಂಟೆಗೆ ಗಾಳಿರಾಜನ ಮುಂದೆ ಕೋಳಿಯನ್ನು ನಿಲ್ಲಿಸಿದರು. ಖಾಜಾಸಾಬ ಬಂದು ಕುರ್ಚಿಯಲ್ಲಿ ಕುಳಿತ. ನಾನು ಮೂರು ಮಡಿಕೆ ಬರೆದು ಪರದೆಯ ಕೆಳಗೆ ಸರಿಸಿದೆ. ಕೆಳಗೆ, ಕೆಳಗೆ, ಕೆಳಗೆ. ಮೂರನೆಯದಕ್ಕೆ ಗಾಳಿರಾಜನ ಕಾಲ ಕೆಳಗೆ ನೆಲವೇ ಉಳಿಯಲಿಲ್ಲವಂತೆ. ಊದುತ್ತ ಊದುತ್ತಲೇ ಬಿದ್ದನಂತೆ.

"ಎದ್ದಳು!" ಎಂದು ಲಕ್ಷ್ಮಪ್ಪ ಕೂಗಿದರು. "ತಂಗೀ, ರಾಣಿ ಎದ್ದಳವಾ! ತಾನ ಮಡಚಿಕೊಂಡು ಎದ್ದು ನಿಂತಳು!" ಟಿ.ವಿ.ಯಿಂದ ಏನೋ ಹಾಡು ಬರುತ್ತಿತ್ತು. ನಾನು ಕಾಗದ ಹಿಡಿದುಕೊಂಡು ಕುಳಿತಿದ್ದೆ. ನಮ್ಮವರು ನೋಡಬೇಕಿತ್ತು. ಬೇರೆ ಏನೂ ತೋಚಲಿಲ್ಲ.

ಖಾಜಾಸಾಬ ಎದ್ದ ಸದ್ದು ಕೇಳಿತು.

"ಶಾಬಾಶ್ ಲಕ್ಷ್ಮಪ್ಪಾರ. ಆದರ ಗೆದ್ದವರು ನೀವು. ಭಾಬಿ ಎಲ್ಲಿ ಗೆದ್ದಳು? ರಿಮೋಟು ಆಕಿ ಕೈಯಾಗಿತ್ತೇನು? ಅಮ್ಮಾ, ಬೀಗದ ಕೈ ಕೊಡು."

"ಏ ಖಾಜಾ, ಮಡಿಕಿ ಎಲ್ಲಾ ಆಕೀವು" ಅಂದರು ಲಕ್ಷ್ಮಪ್ಪ.

"ಕಾಗದದ ಚೂರು ಯಾರರ ಕೊಡತಾರ. ನಾ ಹೇಳಿದ್ದು ಆಕಿ ಮುಗಸಬೇಕಂತ."

ನಾನು ಎದ್ದೆ. ಪರದೆ ಸರಿಸಿ ಮುಂದಿನ ಖೋಲಿಗೆ ಹೋದೆ.

ಲಕ್ಷ್ಮಪ್ಪ ಗಾಬರಿಯಾಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಅತ್ತೆ ಹಿಂದಿನಿಂದ ಕೂಗಿದರು.

"ಇನ್ನಾ ಹದಿನೆಂಟು ದಿನ ಐತಿ ಇದ್ದತ್! ಒಳಗ ಬಾ!"

"ಒಳಗನ ಅದೀನಿ ಅತ್ತಿ. ಹೊಸ್ತಿಲ ಅಲ್ಲೈತಿ ನೋಡ್ರಿ, ಬೀದಿ ಕಡೆ. ಅದನ್ನ ನಾ ದಾಟಿಲ್ಲ, ದಾಟೂದಿಲ್ಲ. ಪರದೆ ದೇವರು ಕಟ್ಟಿದ್ದಲ್ಲ, ನೀವು ಕಟ್ಟಿದ್ದು."

ಚಾಪೆಯ ಮೇಲೆ ಕುಳಿತು ರಿಮೋಟು ಹಿಡಿದೆ. ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿದೆ.

"ಕುಂದ್ರು ಖಾಜಾ. ಮೊದಲಿಂದ ಆಡತೀನಿ. ನನ್ನ ಕೈಲೇ."

"ಎಷ್ಟೊತ್ತು?"

"ಆರು ತಾಸು. ಕರೆಂಟು ಹೋದರ ಮತ್ತ ಮೊದಲಿಂದ."

"ನನಗ ಕೆಲಸಿಲ್ಲೇನು?"

"ಇದು ನನ್ನ ಕೆಲಸ. ಖೋಲಿ ಬೇಕಂದ್ರ ಕುಂತು ನೋಡು. ನಾ ಸೋತರ ಬೀಗದ ಕೈ ತಗೊಂಡ ಹೋಗು."

ಕುಳಿತ. ನನ್ನ ಬೆರಳಿಗೆ ರಿಮೋಟು ಹೊಸದು. ಕೋಳಿ ಮರಕ್ಕೆ ಡಿಕ್ಕಿ ಹೊಡೆಯಿತು, ಹಳ್ಳಕ್ಕೆ ಬಿತ್ತು. ಮೊದಲ ಕಪ್ಪೆಗೇ ಸೋತೆ. ಅವನು ತೊಡೆ ತಟ್ಟಿ ನಕ್ಕ.

"ಸೋತಿ!"

"ಕೋಳಿ ಸತ್ತೈತಿ. ನಾ ಎಲ್ಲಿ ಸೋತೀನಿ?" ಮತ್ತೆ ಹಚ್ಚಿದೆ.

ಎರಡನೆಯ ಸಲ ಸೋತೆ. ಮೂರನೆಯ ಸಲವೂ. ನಾಲ್ಕನೆಯ ಸಲಕ್ಕೆ ಕಪ್ಪೆ ಚಪ್ಪಟೆಯಾಯಿತು. ಗೋಡೆ ನೋಡುತ್ತಿದ್ದ ಲಕ್ಷ್ಮಪ್ಪ ಸದ್ದಿನ ಮೇಲೇ ಗುರುತು ಹಿಡಿದು "ಹೋದರು ಬೀಗರು" ಅಂದರು. ಖಾಜಾಸಾಬ ನಗಲಿಲ್ಲ. ಗಡಿಯಾರ ನೋಡಿದ. ಜುಮ್ಮಾ ನಮಾಜಿಗೆ ಹೋಗಿ ಬಂದ, ನಾನು ಆಡುತ್ತಲೇ ಇದ್ದೆ. ಗುಡ್ಡದ ಬುಡದಲ್ಲಿ ಸತ್ತೆ, ಮತ್ತೆ ಹಚ್ಚಿದೆ. ಬೆರಳಿನ ತುದಿ ಕೆಂಪಾಗಿತ್ತು. ಅವನು ಬೀಡಿ ಸೇದಲು ಹೊರಗೆ ಹೋದ, ಬಂದ, ಆಕಳಿಸಿದ, ಫೋನಿನಲ್ಲಿ ಯಾರಿಗೋ "ಬಂದೆ, ಬಂದೆ" ಅಂದ.

ಮೂರು ಗಂಟೆಗೆ ಎದ್ದು ನಿಂತ.

"ಇದು ಮುಗಿಯೂ ಕೆಲಸಲ್ಲ. ನಾ ಆಮ್ಯಾಲೆ ಬರತೀನಿ. ಅಮ್ಮಾ, ಬೀಗದ ಕೈ ಕೊಡು."

ಅತ್ತೆ ನಡುವಿನ ಬಾಗಿಲಲ್ಲಿ ಕುಳಿತಿದ್ದರು. ಪರದೆಯನ್ನು ಅವರೇ ಒಂದು ಕಡೆ ಸರಿಸಿ ಹಿಡಿದಿದ್ದರು. ಟಿ.ವಿ.ಯಿಂದ ಕಣ್ಣು ತೆಗೆಯದೆ ಅಂದರು:

"ನಾಲ್ಕು ತಾಸು ಈ ಖೋಲ್ಯಾಗ ಕುಂದರಾಕ ಆಗಲಿಲ್ಲ ನಿನಗ. ಅಂಗಡಿ ಹ್ಯಾಂಗ ನಡಸತಿ?"

"ಅಮ್ಮಾ, ಮಾತ ಏನಾಗಿತ್ತು?"

"ಆಕಿ ಇನ್ನಾ ಎದ್ದಿಲ್ಲ. ಎದ್ದಾಂವ ನೀ."

ಅವನು ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಲಿಲ್ಲ, ಆಗ ಹೊಳೆಯ ಕಾಳಗ ನಡೆದಿತ್ತು. ಚಪ್ಪಲಿ ಮೆಟ್ಟಿ ಹೋದ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಹಾಕಿದ, ಚಲೋ ನಡೆಯುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ.

ಆ ದಿನ ನಾನು ಗಾಳಿರಾಜನ ತನಕ ಹೋಗಲಿಲ್ಲ. ಹೊಳೆಯಲ್ಲೇ ನಿಂತೆ. ಅದಕ್ಕೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ನಾನು ಉತ್ತರ ಕೊಡುತ್ತಿರಲಿಲ್ಲ. ಗಂಡನ ಜೊತೆ ದುಡಿದ ಖೋಲಿಗೆ ನಾನು ಪರೀಕ್ಷೆ ಕೊಡಬೇಕಾಗಿಲ್ಲ, ಕೊಟ್ಟದ್ದೇ ನನ್ನ ತಪ್ಪು.

ಪರದೆ ಬಿಚ್ಚಿ ಮಡಚಿ ಬಟ್ಟೆಯ ಟ್ರಂಕಿನಲ್ಲಿ ಇಟ್ಟೆ. ಉಳಿದ ಹದಿನೆಂಟು ದಿನ ಹೊಸ್ತಿಲು ದಾಟಲಿಲ್ಲ. ಅಂಗಡಿಯನ್ನೂ ಮುಚ್ಚಲಿಲ್ಲ.